ಮಳೆಯ ಮುನ್ಸೂಚನೆಯೂ ನೆಲದ ಇಳಿಜಾರೂ: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯನ್ನು ಕುರಿತ ಒಂದು ವಿವೇಚನೆ

೧. ಪೀಠಿಕೆ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಎಡೆದೊರೆ ನಾಡಿನಲ್ಲಿರುವ ಮಸ್ಕಿಯ ಹೆಸರು ವಿದ್ವಾಂಸರಿಗೆ ಅಪರಿಚಿತವಾದುದಲ್ಲ. ೧೯೧೫ರಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರನು ಅಲ್ಲಿಯ ಗುಡ್ಡದ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವನ್ನು ಕಂಡನು. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರನ್ನೂ ಹೇಳುವ ಶಾಸನವು ಮೊದಲಿಗೆ ದೊರೆತುದು ಅಲ್ಲಿಯೇ. ಆದರೆ ಆ ಗುಡ್ಡದ ಬುಡದಲ್ಲಿ ಹೊಲವನ್ನು ಉಳುವ ಒಕ್ಕಲುಮಗನು ವರ್ಷವರ್ಷವೂ ಓದಿ ತಿಳಿಯಬೇಕಾದ ವಿಷಯಗಳು ಬೇರೆ ಎರಡು ಉಂಟು. ಒಂದು, ಆಕಾಶದಿಂದ ಬರಬಹುದಾದ ಮಳೆಯ ಮುನ್ಸೂಚನೆ. ಇನ್ನೊಂದು, ಆ ಮಳೆಯನ್ನು ಹಿಡಿಯುವ ಅಥವಾ ಹರಿಯಬಿಡುವ ನೆಲದ ಸ್ಥಿತಿ.

ಸಿಂಧನೂರು, ಲಿಂಗಸುಗೂರು ಮತ್ತು ಹಿಂದೆ ಲಿಂಗಸುಗೂರಿಗೆ ಸೇರಿದ್ದು ಈಚೆಗೆ ಪ್ರತ್ಯೇಕ ತಾಲ್ಲೂಕಾದ ಮಸ್ಕಿ, ಇವು ಮೂರೂ ರಾಯಚೂರು ಜಿಲ್ಲೆಯ ಪಡುವಣ ಭಾಗದಲ್ಲಿವೆ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆಯು ಸರಾಸರಿಯಲ್ಲಿ ಸುಮಾರು ೬೦೦ ಮಿಲಿಮೀಟರ್ ಮಾತ್ರ. ಅದೂ ಒಂದೇ ಸಮನಾಗಿ ಬೀಳುವುದಿಲ್ಲ. ಜೂನ್ ತಿಂಗಳಲ್ಲಿ ಒಂದೆರಡು ಮಳೆ ಬಂದು, ನಡುವೆ ವಾರಗಟ್ಟಲೆ ಒಣಹವೆ ನಿಂತು, ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿಯೇ ಹೆಚ್ಚಿನ ಪಾಲು ಸುರಿಯುತ್ತದೆ. ಮೊದಲ ಮಳೆಯನ್ನು ನಂಬಿ ಬಿತ್ತಿದ ಬೀಜವು ಮೊಳೆತ ಮೇಲೆ ಒಣಗಿಹೋದರೆ ಬೀಜ, ಗೊಬ್ಬರ, ಕೂಲಿ ಮೂರೂ ಹೋಗಿ, ಮರುಬಿತ್ತನೆಗೆ ಸಾಲವು ಹುಟ್ಟುತ್ತದೆ. ಬಿತ್ತದೆ ಕಾದರೆ ಹದವು ಹಾರಿಹೋಗಿ ಆ ಹಂಗಾಮೇ ತಪ್ಪಬಹುದು. ಈ ಎರಡು ಭಯಗಳ ನಡುವೆ ನಿಂತು ನಿರ್ಣಯ ಮಾಡಬೇಕಾದವನಿಗೆ ಮುನ್ಸೂಚನೆಯ ಮಾತುಗಳು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಹಿಮಪ್ರದೇಶಗಳ ಪದ್ಧತಿಯನ್ನು ಇಲ್ಲಿ ಹೋಲಿಕೆಗಾಗಿ ನೋಡಬಹುದು. ಕಾಶ್ಮೀರದ ಗುಲ್ಮಾರ್ಗದಲ್ಲಿಯೂ ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿಯೂ ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತ ಇಳಿಯುವವರು ಹೊರಡುವ ಮುನ್ನ ಎರಡು ಸಂಗತಿಗಳನ್ನು ವಿಚಾರಿಸುತ್ತಾರೆ: ಹೊಸ ಹಿಮವು ಎಷ್ಟು ಬೀಳಲಿದೆ, ಮತ್ತು ಅದು ಬೀಳುವ ಇಳಿಜಾರು ಎಂಥದು. ಏಕೆಂದರೆ ಅಷ್ಟೇ ಹಿಮವು ಸಮತಟ್ಟಿನಲ್ಲಿ ಬಿದ್ದರೆ ಸುಮ್ಮನೆ ನಿಲ್ಲುತ್ತದೆ. ೩೦ ರಿಂದ ೪೫ ಅಂಶಗಳಷ್ಟು ಕಡಿದಾದ ಇಳಿಜಾರಿನಲ್ಲಿ ಬಿದ್ದರೆ ಪದರವಾಗಿ ಕಿತ್ತು ಹಿಮಪಾತವಾಗಿ ಉರುಳುತ್ತದೆ. ಆದಕಾರಣ ಯೂರೋಪಿನಲ್ಲಿ ಐದು ಮಟ್ಟಗಳ ಅಪಾಯಸೂಚಿಯನ್ನು ಪ್ರಕಟಿಸುವಾಗ ಯಾವ ಎತ್ತರದಲ್ಲಿ, ಯಾವ ದಿಕ್ಕಿಗೆ ಮುಖಮಾಡಿದ ಇಳಿಜಾರಿನಲ್ಲಿ ಅಪಾಯವು ಹೆಚ್ಚೆಂಬುದನ್ನೂ ಹೇಳುತ್ತಾರೆ. ಎಡೆದೊರೆ ನಾಡಿನಲ್ಲಿ ಹಿಮವಿಲ್ಲ. ಆದರೆ ಪ್ರಶ್ನೆಯ ಸ್ವರೂಪವು ಅದೇ. ವ್ಯತ್ಯಾಸವೇನೆಂದರೆ, ಅಲ್ಲಿಯ ಪ್ರಕಟನೆಯು ಆಕಾಶವನ್ನೂ ಇಳಿಜಾರನ್ನೂ ಕೂಡಿಸಿ ಹೇಳುತ್ತದೆ. ಇಲ್ಲಿ ಎರಡನೆಯ ಅರ್ಧವನ್ನು ಹೊಲದ ಒಡೆಯನೇ ತುಂಬಿಕೊಳ್ಳಬೇಕಾಗಿದೆ.

೨. ಹಿಮಾಲಯದ ಹಿಮವೂ ಮುಂಗಾರಿನ ಮುನ್ಸೂಚನೆಯೂ

ಹಿಮಕ್ಕೂ ಈ ನಾಡಿನ ಮಳೆಗೂ ಹೋಲಿಕೆಯಷ್ಟೇ ಅಲ್ಲ, ಇತಿಹಾಸದ ಸಂಬಂಧವೂ ಉಂಟು. ೧೮೭೬-೭೮ರ ಘೋರ ಕ್ಷಾಮವು ಮದರಾಸು, ಮೈಸೂರು, ಮುಂಬಯಿ, ಹೈದರಾಬಾದು ಪ್ರಾಂತಗಳನ್ನು ಹಾಳುಗೆಡವಿದ ತರುವಾಯ, ಮಳೆಯ ಗತಿಯನ್ನು ಮುಂಚಿತವಾಗಿ ತಿಳಿಯಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಸರ್ಕಾರವು ೧೮೭೫ರಲ್ಲಿ ಸ್ಥಾಪಿತವಾಗಿದ್ದ ಹವಾಮಾನ ಇಲಾಖೆಯ ಮುಂದೆ ಇಟ್ಟಿತು. ಇಲಾಖೆಯ ಮುಖ್ಯಸ್ಥನಾಗಿದ್ದ ಹೆನ್ರಿ ಬ್ಲ್ಯಾನ್‌ಫರ್ಡನು ಹಿಮಾಲಯದಲ್ಲಿ ವಸಂತಕಾಲದ ಹಿಮವು ಹೆಚ್ಚಾಗಿ ಬಿದ್ದ ವರ್ಷಗಳಲ್ಲಿ ಬಯಲುಸೀಮೆಗೆ ಒಣಗಾಳಿ ಬೀಸಿ ಮುಂಗಾರು ದುರ್ಬಲವಾಗುವುದೆಂದು ೧೮೮೪ರಲ್ಲಿ ಪ್ರತಿಪಾದಿಸಿದನು. ೧೮೮೬ರಿಂದ ಇಡೀ ಹಂಗಾಮಿನ ಮುನ್ಸೂಚನೆಯು ಅಧಿಕೃತವಾಗಿ ಹೊರಬರತೊಡಗಿತು. ಇದರ ಕಾರಣವು ಸುಲಭವಾಗಿ ತಿಳಿಯುವಂಥದು. ಬಿಳಿಯ ಹಿಮವು ಬಿಸಿಲನ್ನು ಹಿಂದಕ್ಕೆ ಕಳುಹುತ್ತದೆ. ಉಳಿದ ಬಿಸಿಲು ಹಿಮವನ್ನು ಕರಗಿಸುವುದರಲ್ಲಿಯೇ ವ್ಯಯವಾಗುತ್ತದೆ. ಹೀಗಾಗಿ ನೆಲವು ಕಾಯುವುದು ತಡವಾಗುತ್ತದೆ. ಸಮುದ್ರದ ಗಾಳಿಯನ್ನು ಒಳನಾಡಿಗೆ ಸೆಳೆಯುವುದು ಕಾದ ನೆಲವೇ ಆದುದರಿಂದ ಮುಂಗಾರಿನ ಸೆಳೆತವು ಕುಗ್ಗುತ್ತದೆ.

ಆದರೆ ಈ ಸಂಬಂಧವು ಎಲ್ಲ ವರ್ಷಗಳಲ್ಲಿಯೂ ಒಂದೇ ಬಲದಿಂದ ನಿಲ್ಲಲಿಲ್ಲ. ೧೯೦೪ರಿಂದ ೧೯೨೪ರವರೆಗೆ ಇಲಾಖೆಯ ಮುಖ್ಯಸ್ಥನಾಗಿದ್ದ ಗಿಲ್ಬರ್ಟ್ ವಾಕರನು ಪೃಥ್ವಿಯ ನಾನಾ ಕಡೆಗಳ ವಾಯುಭಾರವನ್ನೂ ಉಷ್ಣವನ್ನೂ ಗಣಿತದಿಂದ ತಾಳೆನೋಡಿ, ಶಾಂತಸಾಗರಕ್ಕೂ ಹಿಂದೂ ಮಹಾಸಾಗರಕ್ಕೂ ನಡುವೆ ವಾಯುಭಾರವು ತಕ್ಕಡಿಯಂತೆ ತೂಗುವುದನ್ನು ಕಂಡುಹಿಡಿದನು. ಈಗಿನ ಮುನ್ಸೂಚನೆಗಳು ಸಮುದ್ರದ ಉಷ್ಣವನ್ನೂ ವಾಯುಮಂಡಲದ ಚಲನೆಯನ್ನೂ ಗಣಕಯಂತ್ರಗಳಲ್ಲಿ ಲೆಕ್ಕಹಾಕಿ ಸಿದ್ಧವಾಗುತ್ತವೆ.

ಹಂಗಾಮಿನ ಮುನ್ಸೂಚನೆಯನ್ನು ಓದುವಾಗ ಮರೆಯಬಾರದ ಸಂಗತಿಯೊಂದುಂಟು: ಅದು ಇಡೀ ಭಾರತದ ನಾಲ್ಕು ತಿಂಗಳ ಸರಾಸರಿಯನ್ನು ಕುರಿತದ್ದು. ಜೂನಿನಿಂದ ಸೆಪ್ಟೆಂಬರಿನವರೆಗಿನ ದೀರ್ಘಕಾಲದ ಸರಾಸರಿಯು ಸುಮಾರು ೮೭ ಸೆಂಟಿಮೀಟರ್. ಅದರ ನೂರಕ್ಕೆ ೯೬ ರಿಂದ ೧೦೪ರಷ್ಟು ಬಿದ್ದರೆ ಸಾಧಾರಣವೆಂದೂ, ೯೦ಕ್ಕಿಂತ ಕೆಳಗಿಳಿದರೆ ಕೊರತೆಯೆಂದೂ ಹೇಳುವ ರೂಢಿಯಿದೆ. ೨೦೦೯ರ ವರ್ಷವು ಇದಕ್ಕೆ ತಕ್ಕ ದೃಷ್ಟಾಂತ. ಆ ಏಪ್ರಿಲಿನಲ್ಲಿ ನೂರಕ್ಕೆ ೯೬ರಷ್ಟು ಮಳೆಯಾಗುವುದೆಂದು ಅಂದಾಜು ಮಾಡಿದ್ದರು. ಬಿದ್ದುದು ಸುಮಾರು ೭೮ರಷ್ಟು. ದೇಶವೆಲ್ಲ ಬರವೆಂದು ಕೊರಗುತ್ತಿದ್ದಾಗಲೇ, ಸೆಪ್ಟೆಂಬರ್ ಕಡೆಯ ದಿನಗಳಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ರಾಯಚೂರು ಮೊದಲಾದ ಉತ್ತರದ ಜಿಲ್ಲೆಗಳಲ್ಲಿ ಕಂಡರಿಯದ ಮಳೆ ಸುರಿದು, ಹಳ್ಳಗಳು ಊರುಗಳನ್ನು ಹೊಕ್ಕು, ತುಂಗಭದ್ರೆಯು ಮಂತ್ರಾಲಯವನ್ನು ಮುಳುಗಿಸಿತು. ದೇಶಕ್ಕೆ ಬರಗಾಲ, ಈ ಸೀಮೆಗೆ ನೆರೆ. ಒಂದೇ ವರ್ಷದಲ್ಲಿ ಎರಡೂ ನಿಜವಾದುವು. ಆದುದರಿಂದ ಹಂಗಾಮಿನ ಮುನ್ಸೂಚನೆಯು ಆಡಳಿತದವರಿಗೆ ಧಾನ್ಯಸಂಗ್ರಹ ಮೊದಲಾದುವುಗಳ ಯೋಚನೆಗೆ ಉಪಯುಕ್ತವಾದರೂ, ಲಿಂಗಸುಗೂರಿನ ಒಂದು ಹೊಲದ ಬಿತ್ತನೆಯನ್ನು ಅದರಿಂದ ನಿಶ್ಚಯಿಸಲಾಗದು.

೩. ದಿನದಿನದ ಮುನ್ಸೂಚನೆಯ ಮಾತುಗಳು

ಬಿತ್ತನೆಗೆ ನೆರವಾಗುವುದು ಮುಂದಿನ ಐದು ದಿನಗಳ ಮುನ್ಸೂಚನೆ. ಹವಾಮಾನ ಇಲಾಖೆಯು ರಾಯಚೂರು ಜಿಲ್ಲೆಯನ್ನು ಉತ್ತರ ಒಳನಾಡು ಕರ್ನಾಟಕವೆಂಬ ಉಪವಿಭಾಗದಲ್ಲಿ ಸೇರಿಸಿದೆ. ಅದರ ಪ್ರಕಟನೆಗಳಲ್ಲಿ ಬರುವ ಸಾಮಾನ್ಯ ಮಾತುಗಳಿಗೆ ಗೊತ್ತುಪಡಿಸಿದ ಅರ್ಥಗಳಿವೆ. ಅವನ್ನು ಅರಿಯದೆ ಓದಿದರೆ ಮೋಸಹೋಗುವ ಸಂಭವವುಂಟು.

ಮೊದಲನೆಯದು ವಿಸ್ತಾರವನ್ನು ಹೇಳುವ ಮಾತು. 'ಒಂದೆರಡು ಕಡೆ' ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ ೨೫ಕ್ಕೆ ಮೀರದಷ್ಟು ಕಡೆಗಳಲ್ಲಿ ಮಳೆ. 'ಕೆಲವು ಕಡೆ' ಎಂದರೆ ೨೬ ರಿಂದ ೫೦. 'ಹಲವು ಕಡೆ' ಎಂದರೆ ೫೧ ರಿಂದ ೭೫. 'ಬಹುತೇಕ ಎಲ್ಲ ಕಡೆ' ಎಂದರೆ ಅದಕ್ಕೂ ಮೇಲೆ. ಒಂದೆರಡು ಕಡೆ ಮಳೆಯಾಗುವುದೆಂದು ಹೇಳಿದ ದಿನ ಮಸ್ಕಿಯಲ್ಲಿ ಹನಿ ಬೀಳದೆ ಮುದಗಲ್ಲಿನಲ್ಲಿ ಸುರಿದರೆ ಮುನ್ಸೂಚನೆಯು ಸುಳ್ಳಾಯಿತೆನ್ನುವಂತಿಲ್ಲ. ಅದು ಹೇಳಿದುದೇ ಅಷ್ಟು.

ಎರಡನೆಯದು ಪರಿಮಾಣ. ಬೆಳಿಗ್ಗೆ ೮ ಗಂಟೆ ೩೦ ನಿಮಿಷಕ್ಕೆ ಮುಗಿಯುವ ೨೪ ಗಂಟೆಗಳಲ್ಲಿ ೨.೫ ಮಿಲಿಮೀಟರಾದರೂ ಬಿದ್ದರೆ ಅದನ್ನು ಮಳೆಯ ದಿನವೆಂದು ಎಣಿಸುತ್ತಾರೆ. ೧೫.೫ರವರೆಗೆ ಹಗುರ ಮಳೆ, ೬೪.೪ರವರೆಗೆ ಸಾಧಾರಣ, ೬೪.೫ರಿಂದ ಭಾರಿ, ೧೧೫.೬ರಿಂದ ಅತಿಭಾರಿ, ೨೦೪.೫ ಮತ್ತು ಅದಕ್ಕೆ ಮೇಲ್ಪಟ್ಟದ್ದು ಅತ್ಯಂತ ಭಾರಿ. ವರ್ಷಕ್ಕೆ ೬೦೦ ಮಿಲಿಮೀಟರ್ ಕಾಣುವ ಸೀಮೆಯಲ್ಲಿ ಒಂದೇ ದಿನದ ಅತಿಭಾರಿ ಮಳೆಯೆಂದರೆ ವರ್ಷದ ಐದನೆಯ ಒಂದು ಪಾಲು ಎಂಬುದನ್ನು ನೆನೆದರೆ ಆ ಮಾತಿನ ತೂಕವು ತಿಳಿದೀತು.

ಮೂರನೆಯದು ಬಣ್ಣ. ಹಸಿರು ಎಂದರೆ ಎಚ್ಚರಿಕೆಯ ಅಗತ್ಯವಿಲ್ಲ. ಹಳದಿ ಎಂದರೆ ಗಮನಿಸುತ್ತಿರಬೇಕು. ಕಿತ್ತಳೆ ಎಂದರೆ ಸಿದ್ಧರಾಗಿರಬೇಕು. ಕೆಂಪು ಎಂದರೆ ಕಾರ್ಯಕ್ಕೆ ತೊಡಗಬೇಕು. ಬಣ್ಣವು ಮಳೆಯಿಂದಾಗುವ ಹಾನಿಯನ್ನು ಕುರಿತದ್ದೇ ಹೊರತು ಬಿತ್ತನೆಗೆ ದೊರೆಯುವ ಹದವನ್ನು ಕುರಿತದ್ದಲ್ಲ. ಹಸಿರು ಬಣ್ಣದ ದಿನದಲ್ಲಿಯೇ ಬೀಜಕ್ಕೆ ಬೇಕಾದ ಒಳ್ಳೆಯ ಮಳೆ ಬೀಳಬಹುದು.

ನಾಲ್ಕನೆಯದು ಮುನ್ಸೂಚನೆಯು ಹಿಡಿಯುವ ಕ್ಷೇತ್ರದ ಅಳತೆ. ೨೦೨೫ರ ಮೇ ತಿಂಗಳಿನಲ್ಲಿ ಬಳಕೆಗೆ ಬಂದ ಭಾರತದ ಹೊಸ ಲೆಕ್ಕಾಚಾರದ ಪದ್ಧತಿಯು ನೆಲವನ್ನು ೬ ಕಿಲೋಮೀಟರಿನ ಚೌಕಗಳಾಗಿ ಭಾಗಿಸುತ್ತದೆ. ಹಿಂದಿನದು ೧೨ ಕಿಲೋಮೀಟರಿನದಾಗಿತ್ತು. ಇದು ದೊಡ್ಡ ಮುನ್ನಡೆಯೇ ಸರಿ. ಆದರೂ ೬ ಕಿಲೋಮೀಟರಿನ ಚೌಕವೆಂದರೆ ೩೬ ಚದರ ಕಿಲೋಮೀಟರ್. ಅದರೊಳಗೆ ಗುಡ್ಡ, ಹಳ್ಳ, ಕೆರೆ, ಹಲವು ನೂರು ಹೊಲಗಳು ಅಡಗಿರುತ್ತವೆ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಪಂಡಿತರು ಕೊಡುವ ಸಲಹೆಗಳು ಬೆಳೆಯನ್ನು ಕುರಿತು ಬೆಲೆಯುಳ್ಳ ಮಾತುಗಳನ್ನು ಹೇಳುತ್ತವೆ; ಆದರೆ ಒಂದೊಂದು ಹೊಲದ ಇಳಿಜಾರನ್ನು ದೂರದಿಂದ ಯಾರೂ ಹೇಳಲಾರರು.

೪. ಮಳೆನಕ್ಷತ್ರಗಳು

ಇಲಾಖೆಯ ಪ್ರಕಟನೆಗಳಿಗಿಂತ ಬಹು ಹಿಂದಿನಿಂದಲೂ ಈ ನಾಡಿನ ಜನರು ರೋಹಿಣಿ, ಮೃಗಶಿರ, ಆರಿದ್ರಾ ಮೊದಲಾಗಿ ಹಸ್ತ, ಚಿತ್ತಾ, ಸ್ವಾತಿಗಳವರೆಗೆ ಮಳೆಗಳನ್ನು ಹೆಸರಿಟ್ಟು ಎಣಿಸುತ್ತ ಬಂದಿದ್ದಾರೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳಿಗೆ ಒಂದೊಂದು ಹೆಸರು. ಇದನ್ನು ಮೂಢನಂಬಿಕೆಯೆಂದು ತಳ್ಳುವುದು ಅವಿಚಾರ. ಸೂರ್ಯನ ಗತಿಯನ್ನು ಅನುಸರಿಸಿದ ಇದು ಸರಾಸರಿಯ ಪಂಚಾಂಗವೇ ಆಗಿದೆ. ಯಾವ ಹದಿನೈದು ದಿನಗಳಲ್ಲಿ ಎಂಥ ಮಳೆ ಸಹಜವೆಂಬ ತಲೆತಲಾಂತರದ ಅನುಭವವು ಅದರಲ್ಲಿ ಸಂಗ್ರಹವಾಗಿದೆ. ಸೆಪ್ಟೆಂಬರ್ ಕೊನೆಗೆ ತೊಡಗುವ ಹಸ್ತಮಳೆಯನ್ನು ನಂಬಿ ಹಿಂಗಾರಿನ ಬಿಳಿಜೋಳವನ್ನೂ ಕಡಲೆಯನ್ನೂ ಬಿತ್ತುವುದು ಈ ಅನುಭವದ ಫಲ.

ಆದರೆ ಎರಡು ಮಿತಿಗಳನ್ನು ಅರಿತಿರಬೇಕು. ಒಂದು, ಸರಾಸರಿಯು ಈ ವರ್ಷದ ಸುದ್ದಿಯನ್ನು ಹೇಳುವುದಿಲ್ಲ. ಇನ್ನೊಂದು, ಅಯನಚಲನೆಯಿಂದಾಗಿ ನಕ್ಷತ್ರಗಳ ವರ್ಷವು ಋತುಗಳ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ದೊಡ್ಡದು. ಎಪ್ಪತ್ತು ವರ್ಷಗಳಿಗೆ ಒಂದು ದಿನದಂತೆ, ಸಾವಿರ ವರ್ಷಗಳಲ್ಲಿ ನಕ್ಷತ್ರಗಳ ತಿಥಿಯು ಋತುಗಳಿಂದ ಹದಿನಾಲ್ಕು ದಿನ ಮುಂದೆ ಸರಿಯುತ್ತದೆ. ಅಂದರೆ ಪೂರ್ತಿ ಒಂದು ಮಳೆಯಷ್ಟು ಅಂತರ. ಬಹು ಹಳೆಯ ಮಾತುಗಳನ್ನು ಇಂದಿಗೆ ಹೊಂದಿಸುವಾಗ ಈ ಲೆಕ್ಕವನ್ನು ಮರೆಯಬಾರದು.

೫. ನೆಲದ ಸ್ಥಿತಿ

ಹಟ್ಟಿಯ ಚಿನ್ನದ ಗಣಿಯಿಂದ ಮಸ್ಕಿಯವರೆಗಿನ ಭಾಗದಲ್ಲಿ ಕಲ್ಲುಗುಡ್ಡಗಳ ಸಾಲುಗಳಿವೆ. ಅವುಗಳ ಪಕ್ಕದ ಮೇಲ್ನೆಲದಲ್ಲಿ ಮಸಾರಿ, ಎಂದರೆ ಕೆಂಪು ಮಣ್ಣು. ಕೆಳಗಿನ ಬಯಲಿನಲ್ಲಿ ಎರೆ, ಎಂದರೆ ಕಪ್ಪು ಮಣ್ಣು. ಮಸಾರಿಯು ನೀರನ್ನು ಬೇಗನೆ ಕುಡಿಯುತ್ತದೆ, ಬೇಗನೆ ಕಳೆದುಕೊಳ್ಳುತ್ತದೆ. ಎರೆಯು ಬೇಸಗೆಯಲ್ಲಿ ಬಿರುಕುಬಿಟ್ಟಿರುತ್ತದೆ. ಮೊದಲ ಮಳೆಯ ನೀರು ಬಿರುಕುಗಳಲ್ಲಿ ಇಳಿದುಹೋಗುತ್ತದೆ. ನೆನೆದ ಮೇಲೆ ಮಣ್ಣು ಉಬ್ಬಿ ಬಿರುಕುಗಳು ಮುಚ್ಚಿ, ನೀರು ಒಳಗಿಳಿಯುವ ವೇಗವು ಬಹಳ ಕಡಮೆಯಾಗುತ್ತದೆ. ಆದರೆ ಒಮ್ಮೆ ಆಳದವರೆಗೆ ನೆನೆದ ಎರೆಯು ಮಳೆಯಿಲ್ಲದೆಯೇ ಜೋಳ ಕಡಲೆಗಳನ್ನು ಬೆಳೆಯಿಸಬಲ್ಲ ತೇವವನ್ನು ಕಾಪಾಡಿಕೊಳ್ಳುತ್ತದೆ.

ಇಳಿಜಾರಿನ ಪ್ರಭಾವವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು ೪,೦೪೭ ಲೀಟರ್ ನೀರು. ೫೦ ಮಿಲಿಮೀಟರ್ ಬಿದ್ದರೆ ಎರಡು ಲಕ್ಷ ಲೀಟರಿಗೂ ಮೇಲೆ. ನೆಲವು ಗಂಟೆಗೆ ೧೦ ಮಿಲಿಮೀಟರಿನಂತೆ ಕುಡಿಯಬಲ್ಲುದೆಂದು ಭಾವಿಸಿದರೆ, ಆ ೫೦ ಮಿಲಿಮೀಟರ್ ಐದು ಗಂಟೆಗಳ ಕಾಲ ಸಣ್ಣಗೆ ಬಿದ್ದಾಗ ಎಲ್ಲವೂ ಒಳಗಿಳಿಯುತ್ತದೆ. ಅದೇ ಒಂದು ಗಂಟೆಯಲ್ಲಿ ಸುರಿದರೆ ಆ ಗಂಟೆಯಲ್ಲಿ ೪೦ ಮಿಲಿಮೀಟರ್, ಅಂದರೆ ಎಕರೆಗೆ ಒಂದು ಲಕ್ಷ ಅರುವತ್ತು ಸಾವಿರ ಲೀಟರ್ ನೀರು ಮೇಲೆಯೇ ಉಳಿಯುತ್ತದೆ. ನೆಲವು ಮಟ್ಟಸವಾಗಿದ್ದರೆ ಅದು ನಿಂತು ಕ್ರಮೇಣ ಇಳಿದೀತು. ಇಳಿಜಾರಿದ್ದರೆ ಹಳ್ಳದ ಪಾಲು. ಹರಿಯುವ ನೀರಿನ ವೇಗವು ಇಮ್ಮಡಿಯಾದರೆ ಅದರ ಶಕ್ತಿಯು ನಾಲ್ಮಡಿಯಾಗುವುದರಿಂದ, ನೀರಿನೊಡನೆ ಮೇಲ್ಮಣ್ಣೂ ಹೋಗುತ್ತದೆ. ಎರಡು ದಿನಗಳ ಮಳೆಯನ್ನು ಮಳೆಮಾಪಕವು ಒಂದೇ ಎಂದು ಬರೆದುಕೊಂಡರೂ ಹೊಲಕ್ಕೆ ಅವು ಒಂದೇ ಅಲ್ಲ.

ಇಳಿಜಾರನ್ನು ಕಣ್ಣಳತೆಯಿಂದ ನಿರ್ಣಯಿಸುವುದು ಕಷ್ಟ. ನೂರು ಅಡಿ ನಡೆದರೆ ಒಂದಡಿ ಇಳಿಯುವ ಹೊಲವು ಕಣ್ಣಿಗೆ ಸಮತಟ್ಟಾಗಿಯೇ ತೋರುತ್ತದೆ. ಆದರೆ ಬಿರುಮಳೆಯಲ್ಲಿ ಮಣ್ಣು ಕೊಚ್ಚಿಹೋಗಲು ಅಷ್ಟು ಸಾಕು. ನೀರು ತುಂಬಿದ ಉದ್ದನೆಯ ಪಾರದರ್ಶಕ ಕೊಳವೆಯ ಎರಡು ತುದಿಗಳನ್ನು ಎರಡು ಕೋಲುಗಳಿಗೆ ಕಟ್ಟಿ ಹಿಡಿದರೆ, ಎರಡು ಕಡೆಯ ನೀರೂ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಕೋಲುಗಳ ಮೇಲೆ ಆ ಮಟ್ಟದ ಎತ್ತರಗಳ ವ್ಯತ್ಯಾಸವೇ ನೆಲದ ಇಳಿತ. ಮಳೆಯ ಮರುದಿನ ಹೊಲದಲ್ಲಿ ನಡೆದು, ಎಲ್ಲಿ ಸಣ್ಣ ಕೊರಕಲು ಬಿದ್ದಿದೆ, ಎಲ್ಲಿ ನುಣ್ಣನೆಯ ಮಣ್ಣು ಕುಳಿತಿದೆ ಎಂಬುದನ್ನು ನೋಡಿದರೂ ನೀರಿನ ದಾರಿಯು ತಿಳಿಯುತ್ತದೆ.

ಈ ವಿಷಯದಲ್ಲಿ ರಾಯಚೂರಿಗೆ ವಿಶೇಷ ಸ್ಥಾನವುಂಟು. ೧೯೩೩-೩೫ರ ವೇಳೆಗೆ ಕೃಷಿಸಂಶೋಧನೆಯ ಅಖಿಲ ಭಾರತ ಮಂಡಳಿಯು ಒಣಬೇಸಾಯದ ಶೋಧನೆಗಾಗಿ ಐದು ಕೇಂದ್ರಗಳನ್ನು ತೆರೆಯಿತು. ಸೊಲ್ಲಾಪುರ, ವಿಜಾಪುರ, ಹಗರಿ, ರೋಹ್ತಕ್‌ಗಳೊಡನೆ ರಾಯಚೂರೂ ಅವುಗಳಲ್ಲಿ ಒಂದು. ಒಡ್ಡು ಹಾಕುವುದು, ಆಳವಾಗಿ ಉಳುವುದು, ಕೊಟ್ಟಿಗೆಗೊಬ್ಬರ, ಬೀಜವನ್ನು ವಿರಳವಾಗಿ ಬಿತ್ತುವುದು, ಇವು ಅಲ್ಲಿಂದ ಹೊರಟ ಮುಖ್ಯ ಉಪದೇಶಗಳು. ಮುಂದಿನ ಅನುಭವವು ಇದಕ್ಕೆ ಒಂದು ತಿದ್ದುಪಡಿಯನ್ನು ಕೊಟ್ಟಿತು. ಮಸಾರಿಯಲ್ಲಿ ಸಮಮಟ್ಟದ ಒಡ್ಡು ಚೆನ್ನಾಗಿ ಕೆಲಸಮಾಡುತ್ತದೆ. ಆಳವಾದ ಎರೆಯಲ್ಲಿ ಒಡ್ಡೇ ಬಿರುಕುಬಿಟ್ಟು ಮೊದಲ ದೊಡ್ಡ ಮಳೆಗೆ ಒಡೆಯುತ್ತದೆ, ಒಡೆಯದಿದ್ದರೆ ಅದರ ಹಿಂದೆ ನೀರು ನಿಂತು ಬೆಳೆ ಕೊಳೆಯುತ್ತದೆ. ಆದುದರಿಂದ ಎರೆಯಲ್ಲಿ ಒಡ್ಡಿಗೆ ಸ್ವಲ್ಪವೇ ಇಳಿವು ಕೊಟ್ಟು, ಹೆಚ್ಚಾದ ನೀರು ಕಲ್ಲು ಕಟ್ಟಿದ ಕೋಡಿಯ ಮೂಲಕ ಮೆಲ್ಲಗೆ ಹೊರಹೋಗುವಂತೆ ಮಾಡಬೇಕು. ಒಡ್ಡಿಲ್ಲದ ಕಡೆಯಲ್ಲಿಯೂ ಇಳಿಜಾರಿಗೆ ಅಡ್ಡವಾಗಿ ಕೂರಿಗೆ ಹೊಡೆದರೆ ಪ್ರತಿಯೊಂದು ಸಾಲೂ ಸಣ್ಣ ಒಡ್ಡಾಗುತ್ತದೆ.

೬. ಎರಡನ್ನೂ ಕೂಡಿಸುವ ಬಗೆ

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಮುಂದಿನ ವಾರದಲ್ಲಿ ತಕ್ಕ ಮಳೆಯಾಗುವ ಸಂಭವವು ನೂರಕ್ಕೆ ೭೦ ಎಂದು ತಿಳಿದಿದೆಯೆಂದು ಭಾವಿಸಬೇಕು. ಇದರ ಅರ್ಥ, ಇಂಥ ಹತ್ತು ಸಂದರ್ಭಗಳಲ್ಲಿ ಏಳರಲ್ಲಿ ಮಳೆ ಬರುತ್ತದೆ, ಮೂರರಲ್ಲಿ ಬರುವುದಿಲ್ಲ. ಮಸಾರಿಯ ಇಳಿಜಾರಿನಲ್ಲಿ ಬಿತ್ತಿ ಮಳೆ ತಪ್ಪಿದರೆ ಆಗುವ ನಷ್ಟವು ನಾಲ್ಕು ಪಾಲು, ಮಳೆ ಬಂದೂ ಬಿತ್ತದೆ ಕಾದಿದ್ದರೆ ಆಗುವ ನಷ್ಟವು ಒಂದು ಪಾಲು ಎಂದು ಇಟ್ಟುಕೊಂಡರೆ, ಹತ್ತು ಸಲವೂ ಬಿತ್ತಿದವನಿಗೆ ಮೂರು ಸಲ ನಾಲ್ಕು ಪಾಲಿನಂತೆ ಹನ್ನೆರಡು ಪಾಲು ನಷ್ಟ. ಹತ್ತು ಸಲವೂ ಕಾದವನಿಗೆ ಏಳು ಪಾಲು ನಷ್ಟ. ಅಲ್ಲಿ ಕಾಯುವುದೇ ಲೇಸು. ಸಂಭವವು ೮೦ನ್ನು ಮೀರಿದಾಗ ಮಾತ್ರ ಬಿತ್ತುವುದು ಲಾಭಕರ. ಕೆಳಬಯಲಿನ ಎರೆಯು ಹಿಂದಿನ ಮಳೆಯಿಂದ ಆಳದವರೆಗೆ ನೆನೆದಿದ್ದರೆ ಸಸಿಯು ಹಲವು ದಿನ ತಡೆದುಕೊಳ್ಳುವುದರಿಂದ, ಮಳೆ ತಪ್ಪಿದಾಗಿನ ನಷ್ಟವು ಎರಡೇ ಪಾಲೆಂದು ಇಡಬಹುದು. ಆಗ ಬಿತ್ತಿದವನಿಗೆ ಆರು ಪಾಲು, ಕಾದವನಿಗೆ ಏಳು ಪಾಲು. ಅಲ್ಲಿ ಬಿತ್ತುವುದೇ ಲೇಸು. ಈ ಪಾಲುಗಳು ದೃಷ್ಟಾಂತಕ್ಕೆ ಹೇಳಿದವು. ಪ್ರತಿಯೊಬ್ಬನೂ ತನ್ನ ಬೀಜ ಕೂಲಿಗಳ ಬೆಲೆಯನ್ನು ಹಾಕಿ ಎಣಿಸಿಕೊಳ್ಳಬೇಕು. ಆದರೆ ತತ್ತ್ವವು ಸ್ಪಷ್ಟ: ಒಂದೇ ದಿನ, ಒಂದೇ ಮುನ್ಸೂಚನೆ, ಒಬ್ಬನೇ ಒಡೆಯ, ಮೇಲಿನ ಹೊಲಕ್ಕೆ ಒಂದು ಉತ್ತರ, ಕೆಳಗಿನ ಹೊಲಕ್ಕೆ ಇನ್ನೊಂದು.

ಈ ಲೆಕ್ಕಕ್ಕೆ ಆಧಾರವಾದ ಸಂಗತಿಯನ್ನು ಸಲಿಕೆಯಿಂದ ತಿಳಿಯಬೇಕು. ಹೊಲದ ಮೇಲ್ತುದಿ, ನಡು, ಕೆಳತುದಿ ಮೂರರಲ್ಲಿಯೂ ಒಂದು ಮೊಳದಷ್ಟು ಗುಣಿ ತೋಡಿ, ಮೇಲಿನ ಹಸಿಯು ಕೆಳಗಿನ ಹಸಿಯೊಡನೆ ಕೂಡಿದೆಯೇ, ನಡುವೆ ಒಣಪದರವಿದೆಯೇ ಎಂಬುದನ್ನು ನೋಡಬೇಕು. ಒಣಪದರವಿದ್ದರೆ ಮೇಲಿನ ಹದವು ಕಣ್ಣಿಗೆ ಎಷ್ಟು ಚೆನ್ನಾಗಿದ್ದರೂ ಅದನ್ನು ನಂಬಲಾಗದು.

೭. ಸಿಂಧನೂರಿನ ನೀರಾವರಿ ಭೂಮಿ

ಸಿಂಧನೂರಿನ ಬಹುಭಾಗಕ್ಕೆ ಪ್ರಶ್ನೆಯು ಬೇರೆ ರೂಪದಲ್ಲಿ ಬರುತ್ತದೆ. ೧೯೫೩ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತ ಮೇಲೆ ಸುಮಾರು ೨೨೭ ಕಿಲೋಮೀಟರ್ ಉದ್ದದ ಎಡದಂಡೆಯ ಕಾಲುವೆಯಿಂದ ಈ ಬಯಲು ಭತ್ತದ ನಾಡಾಯಿತು. ಇಲ್ಲಿಯ ಒಕ್ಕಲಿಗನು ತನ್ನ ತಲೆಯ ಮೇಲಣ ಆಕಾಶವನ್ನಲ್ಲದೆ ಶಿವಮೊಗ್ಗ ಚಿಕ್ಕಮಗಳೂರುಗಳ ಮಲೆಯ ಆಕಾಶವನ್ನೂ ಗಮನಿಸಬೇಕು. ಜಲಾಶಯವನ್ನು ತುಂಬುವುದು ಆ ಮಳೆ. ಸಿಂಧನೂರಿನಲ್ಲಿ ಒಳ್ಳೆಯ ಮಳೆಯಾಗಿಯೂ ಮಲೆನಾಡಿನಲ್ಲಿ ಕೊರತೆಯಾದರೆ ಎರಡನೆಯ ಬೆಳೆಗೆ ನೀರು ಸಾಲದು.

ಇಳಿಜಾರಿನ ಪಾಠವು ಇಲ್ಲಿಯೂ ತಪ್ಪಿದ್ದಲ್ಲ. ಜಲಾಶಯವು ಮೊದಲಿಗೆ ಸುಮಾರು ೧೩೩ ಶತಕೋಟಿ ಘನ ಅಡಿ ನೀರನ್ನು ಹಿಡಿಯುತ್ತಿತ್ತು. ಮೇಲಿನ ಸೀಮೆಯಿಂದ ಬಂದ ಹೂಳು ತುಂಬಿ ಈಗ ಹಿಡಿಯುವುದು ಸುಮಾರು ೧೦೫.೮. ಮೇಲಿನವರ ಇಳಿಜಾರಿನಲ್ಲಿ ನಿಲ್ಲದ ಮಣ್ಣು ಕೆಳಗಿನವರ ನೀರನ್ನು ಕಿತ್ತುಕೊಂಡಿತು. ಇನ್ನು ಕಾಲುವೆಯ ಬಯಲಿನ ತಗ್ಗುಗಳಲ್ಲಿ ಇಳಿಜಾರಿನ ಅಭಾವವೇ ಕಷ್ಟಕ್ಕೆ ಕಾರಣ: ಬಸಿದುಹೋಗಲು ದಾರಿಯಿಲ್ಲದ ನೀರು ನಿಂತು, ಅಡಿಯ ಲವಣವು ಮೇಲೇರಿ, ಹೊಲಗಳು ಚೌಳಾಗಿವೆ. ಅಂಥ ಕಡೆ ಭಾರಿ ಮಳೆಯ ಎಚ್ಚರಿಕೆ ಬಂದಾಗ ಕಾಲುವೆಯ ನೀರನ್ನು ತಡೆದು ಬಸಿಗಾಲುವೆಯ ಬಾಯನ್ನು ತೆರೆದಿಡುವುದೇ ಮೊದಲ ಕೆಲಸ. ಮಸಾರಿಯ ಮೇಲ್ನೆಲದಲ್ಲಿ ಅದೇ ಎಚ್ಚರಿಕೆಗೆ ಒಡ್ಡಿನ ಕೋಡಿಯನ್ನು ನೋಡಿಬರುವುದು ಮೊದಲ ಕೆಲಸ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ಸಾರವಿಷ್ಟು. ಹಂಗಾಮಿನ ಮುನ್ಸೂಚನೆಯು ದೇಶದ ಮಾತು. ಐದು ದಿನಗಳ ಮುನ್ಸೂಚನೆಯು ಜಿಲ್ಲೆಯ ಮಾತು. ಮಳೆನಕ್ಷತ್ರವು ಹಲವು ತಲೆಮಾರುಗಳ ಸರಾಸರಿಯ ಮಾತು. ಇವು ಮೂರರಲ್ಲಿ ಯಾವುದೂ ಹೊಲದ ಮಾತಲ್ಲ. ಮುನ್ಸೂಚನೆಯು ಸುಳ್ಳಾಯಿತೆಂಬ ದೂರುಗಳಲ್ಲಿ ಹಲವು ಅದು ಹೇಳದಿದ್ದುದನ್ನು ಹೇಳಿತೆಂದು ತಿಳಿದುದರಿಂದ ಹುಟ್ಟಿದವು. ಆಕಾಶವನ್ನು ಕುರಿತ ಜ್ಞಾನವು ದಿನೇ ದಿನೇ ಸೂಕ್ಷ್ಮವಾಗುತ್ತಿದೆ. ನೆಲವನ್ನು ಕುರಿತ ಜ್ಞಾನವನ್ನೂ ಅದಕ್ಕೆ ಸಮನಾಗಿ ಬೆಳೆಯಿಸಬೇಕು. ಗ್ರಾಮಗ್ರಾಮದ ಮಳೆಯನ್ನು ಅಳೆಯುವ ಏರ್ಪಾಟು ಕರ್ನಾಟಕದಲ್ಲಿ ಈಗಾಗಲೇ ಇದೆ. ಅದರೊಡನೆ ಹೊಲಹೊಲದ ಇಳಿಜಾರು, ಮಣ್ಣಿನ ಆಳ, ನೀರಿನ ದಾರಿ ಇವುಗಳ ನಕ್ಷೆಯೂ ಸೇರಿದರೆ, ಎಡೆದೊರೆ ನಾಡಿನ ಒಕ್ಕಲುಮಗನು ಮಳೆಗಾಗಿ ಕಾಯುವ ಕಾಲದಲ್ಲಿ ಅವನ ಕೈಯಲ್ಲಿ ಬರಿಯ ಆಸೆಯಲ್ಲದೆ ಲೆಕ್ಕವೂ ಇದ್ದೀತು.